ಬೀದರದ ವಿಮಾನಕ್ಷೇತ್ರ

ಶಹಾಬಾದ, ವಾಡಿ, ಚಿತ್ತಾಪುರಗಳ ಜನರಿಗೆ ಉಗಿಬಂಡಿಯ ಪರಿಚಯವು ಬಹು ಹಳೆಯದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗೆ ನಿಜಾಮ ಸಂಸ್ಥಾನದ ರೈಲುಮಾರ್ಗವು ತೆರೆದಂದಿನಿಂದ ಹೈದರಾಬಾದು ಇಲ್ಲಿಯವರಿಗೆ ನೆರೆಮನೆಯಂತಾಯಿತು. ಆಕಾಶಮಾರ್ಗವಾದರೋ ಈ ಸೀಮೆಗೆ ದೊರೆತುದು ಅದಾದ ಸುಮಾರು ನೂರನಾಲ್ವತ್ತೈದು ವರ್ಷಗಳ ಮೇಲೆ. ಇದಕ್ಕೆ ನೆಲದ ಅಭಾವವು ಕಾರಣವೆಂದು ಯಾರೂ ಹೇಳುವಂತಿಲ್ಲ. ಕಲಬುರಗಿಯ ಉತ್ತರಕ್ಕಿರುವ ಬೀದರದಲ್ಲಿ ನಿಜಾಮರ ಆಳಿಕೆಯಲ್ಲಿಯೇ ವಿಮಾನಗಳು ಇಳಿಯುವ ಬಯಲು ಸಿದ್ಧವಾಗಿದ್ದಿತು.

ಆ ಬಯಲು ಚರಿತ್ರೆಯಲ್ಲಿ ಹೆಸರಾದುದು 1948ರಲ್ಲಿ. ಭಾರತ ಸರಕಾರಕ್ಕೂ ನಿಜಾಮರಿಗೂ ಮನಸ್ತಾಪವು ಬೆಳೆದು, ಸಂಸ್ಥಾನಕ್ಕೆ ಶಸ್ತ್ರಗಳು ಬರುವ ದಾರಿಗಳೆಲ್ಲ ಮುಚ್ಚಿದಾಗ, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನು ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಗುಟ್ಟಾಗಿ ಶಸ್ತ್ರಾಸ್ತ್ರಗಳನ್ನು ತಂದಿಳಿಸತೊಡಗಿದನು. ಆತನು ಬಳಸಿದ ನೆಲೆಗಳಲ್ಲಿ ಬೀದರವೂ ಒಂದು. ಸೆಪ್ಟೆಂಬರ 13ರಂದು ಭಾರತದ ಸೇನೆಯು ಸಂಸ್ಥಾನವನ್ನು ಹೊಕ್ಕಿತು; 17ರಂದು ನಿಜಾಮರು ಶರಣಾದರು. ಕಾಟನ್ ಸಾಹೇಬನ ಸಾಹಸವನ್ನು ಕೆಲವರು ಕೊಂಡಾಡಿರುವರು. ಆದರೆ ರಜಾಕಾರರ ಹಾವಳಿಯಿಂದ ಮನೆಮಠ ಬಿಟ್ಟೋಡಿದ ಈ ಭಾಗದ ಕುಟುಂಬಗಳಿಗೆ ಆ ಕೊಂಡಾಟವು ರುಚಿಸಲಾರದು.

1963ರಲ್ಲಿ ಭಾರತೀಯ ವಾಯುಪಡೆಯು ಇಲ್ಲಿ ಪ್ರಾಥಮಿಕ ವಿಮಾನಶಿಕ್ಷಣವನ್ನು ಆರಂಭಿಸಿತು. ಶಿಕ್ಷಣಕ್ಕೆ ಬಳಸಿದ ಎಚ್‌ಟಿ-2 ವಿಮಾನವು ಬೆಂಗಳೂರಿನ ಹಿಂದುಸ್ಥಾನ್ ಕಾರಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದುದು. 1996ರಲ್ಲಿ ಸೂರ್ಯಕಿರಣ ತಂಡವು ಇಲ್ಲಿಯೇ ಕಟ್ಟಲ್ಪಟ್ಟಿತು. 2008ರಲ್ಲಿ ಹಾಕ್ ಎಂಬ ಜೆಟ್ ತರಬೇತಿ ವಿಮಾನಗಳು ಬಂದುವು. ಇಷ್ಟೆಲ್ಲ ನಡೆದರೂ ಊರಿನ ವರ್ತಕನಿಗಾಗಲಿ, ರೋಗಿಗಾಗಲಿ ಆ ಓಟದ ಹಾದಿಯಿಂದ ಮೇಲೇಳುವ ಯೋಗವಿರಲಿಲ್ಲ. ತಲೆಯ ಮೇಲೆ ದಿನವೂ ಗರ್ಜನೆ. ಪ್ರಯಾಣಕ್ಕೆ ಮಾತ್ರ ಹೈದರಾಬಾದೇ ಗತಿ!

ನಾಗರಿಕರಿಗಾಗಿ ನಿಲ್ದಾಣದ ಕಟ್ಟಡವೇನೋ ಎದ್ದಿತು. ಎದ್ದು ಎಷ್ಟೋ ವರ್ಷ ಬರಿದಾಗಿ ನಿಂತಿತು. ಹೈದರಾಬಾದಿನ ಹೊಸ ನಿಲ್ದಾಣಕ್ಕಾಗಿ 2004ರಲ್ಲಿ ಆದ ಒಪ್ಪಂದದಲ್ಲಿ, 150 ಕಿಲೋಮೀಟರು ವೈಮಾನಿಕ ದೂರದೊಳಗೆ ಮತ್ತೊಂದು ನಿಲ್ದಾಣದ ಬೆಳವಣಿಗೆಯನ್ನು ನಿರ್ಬಂಧಿಸುವ ಕರಾರುಂಟು. ಬೀದರವು ಆ ಮೇರೆಯೊಳಗಿನದು. ನೆಲವಿದ್ದು, ಹಾದಿಯಿದ್ದು, ಕಟ್ಟಡವಿದ್ದು, ಕಾಗದದ ಮಾತೇ ಅಡ್ಡವಾದುದು ವಿಚಿತ್ರವಲ್ಲವೆ? ಕಡೆಗೆ ಹೈದರಾಬಾದಿನ ನಿಲ್ದಾಣವನ್ನು ನಡೆಸುವ ಸಂಸ್ಥೆಯೇ ಬೀದರದ ಕಟ್ಟಡವನ್ನೂ ವಹಿಸಿಕೊಳ್ಳಲು, 2020ರ ಫೆಬ್ರುವರಿ 7ರಂದು ಬೆಂಗಳೂರಿನ ವಿಮಾನವು ಆರಂಭವಾಯಿತು. ಅಷ್ಟರಲ್ಲಿ, 2019ರ ನವೆಂಬರ 22ರಂದೇ, ಕಲಬುರಗಿಯ ಸ್ವಂತ ನಿಲ್ದಾಣವು ತೆರೆದಿದ್ದಿತು.

ಇಂಥ ಕೂಡುಬಳಕೆಯ ಕ್ಷೇತ್ರದಲ್ಲಿ ಓಟದ ಹಾದಿಯೂ ಆಕಾಶದ ನಿಯಂತ್ರಣವೂ ವಾಯುಪಡೆಯ ಅಧೀನ. ಪ್ರಯಾಣಿಕರದು ಬೇಲಿಯಿಂದ ಬೇರ್ಪಟ್ಟ ಒಂದು ಅಂಚು. ನಾಗರಿಕ ವಿಮಾನವು ಸೇನೆಯು ಒಪ್ಪಿದ ವೇಳೆಯಲ್ಲಿ ಬಂದುಹೋಗಬೇಕು. ದೇಶರಕ್ಷಣೆಯ ದೃಷ್ಟಿಯಿಂದ ಇದು ನ್ಯಾಯವೇ. ಸಂಚಾರವು ಮುರಿದುಬಿದ್ದುದಕ್ಕೆ ಈ ನಿಯಮವನ್ನು ದೂರುವುದು ಸಲ್ಲದು. ಉಡಾನ್ ಯೋಜನೆಯ ಸಹಾಯಧನವು ಮೂರೇ ವರ್ಷದ್ದು, ಅದರ ಆಸರೆಯಿಲ್ಲದೆ ಸಣ್ಣ ಊರಿನ ವಿಮಾನವು ನಿಲ್ಲುವುದು ಕಷ್ಟ. ಮೊದಲ ಕಂಪನಿಯು ಹಾರಾಟವನ್ನು ನಿಲ್ಲಿಸಿದ ಮೇಲೆ 2022ರಲ್ಲಿ ಮತ್ತೊಂದು ಬಂದಿತು. 2023ರ ಕೊನೆಗೆ ಅದೂ ನಿಂತಿತು. ರಾಜ್ಯ ಸರಕಾರವು ನಷ್ಟದ ಭಾರವನ್ನು ಹೊರಲೊಪ್ಪಿದ ಬಳಿಕ, 2025ರ ಏಪ್ರಿಲ 17ರಂದು, ಬೆಂಗಳೂರಿನ ವಿಮಾನವು ಬೀದರದ ನೆಲವನ್ನು ಮರಳಿ ಮುಟ್ಟಿತು.