ಒಂದು ದುರ್ಬೀನು, ಎರಡು ಕೆರೆ: ವಿಜಯಪುರದಿಂದ ಮಮದಾಪುರಕ್ಕೆ

ಗೋಳಗುಮ್ಮಟಕ್ಕೆ ಬಂದವರು ತಲೆ ಎತ್ತಿ ನೋಡುತ್ತಾರೆ. ನಾವು ಒಂದು ಭಾನುವಾರ ನಸುಕಿನಲ್ಲಿ, ಅದೇ ಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಕೆರೆಗಳನ್ನು ನೋಡಲು ಹೊರಟೆವು. ಹಕ್ಕಿ ನೋಡುವುದು ನೆಪ. ಇದ್ದದ್ದು ಒಂದೇ ದುರ್ಬೀನು, ಅದಕ್ಕೂ ಪಾಳಿ.

ಮೊದಲು ಊರಿನ ದಕ್ಷಿಣಕ್ಕಿರುವ ಬೇಗಂ ತಲಾಬ್. ಏರಿ ಹತ್ತಿದ ಕೂಡಲೇ ಟಿಟ್ಟಿಭ ಕೂಗಿ ಕೆರೆಗೆಲ್ಲ ಸುದ್ದಿ ಮುಟ್ಟಿಸಿತು. ಕಲ್ಲಿನ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಈ ಕೆರೆ 1651ರದು. ಜಹಾನ್ ಬೇಗಂ ನೆನಪಿಗೆ ಕಟ್ಟಿಸಿದ್ದು. ಇಲ್ಲಿಂದ ನಗರಕ್ಕೆ ನೀರು ಹೋಗುತ್ತಿದ್ದದ್ದು ನೆಲದಲ್ಲಿ ಹೂತ ಮಣ್ಣಿನ ಕೊಳವೆಗಳಲ್ಲಿ. ದಾರಿಯಲ್ಲಿ ಅಲ್ಲಲ್ಲಿ ನಿಂತಿರುವ ಕಲ್ಲಿನ ಗೋಪುರಗಳು ‘ಗಂಜ್’. ಒತ್ತಡ ಹೆಚ್ಚಿ ಕೊಳವೆ ಒಡೆಯಬಾರದು, ಹೂಳು ಕೆಳಗೆ ಕೂರಬೇಕು, ಅದಕ್ಕೇ ಅವು. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಒಂದು ಗಂಜಿನ ಬಿರುಕಿನಿಂದ ಗಿಳಿ ಇಣುಕಿತು. ಗಿಳಿಯನ್ನು ಎಲ್ಲರೂ ಗುರುತಿಸಿದರು. ಗಂಜ್ ಏನೆಂದು ನಮ್ಮಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ತಿಕೋಟಾ ರಸ್ತೆಗೆ ತೊರವಿ ಸಿಗುತ್ತದೆ. ‘ತೊರವೆ ರಾಮಾಯಣ’ದ ಊರು. ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿಂದಲೂ ವಿಜಯಪುರಕ್ಕೆ ಸುರಂಗದೊಳಗೆ ನೀರು ಹರಿದಿದೆ. ಜನ ಸುರಂಗ ಬಾವಿ ಎನ್ನುತ್ತಾರೆ.

ಬಬಲೇಶ್ವರ ದಾಟಿ ಮಮದಾಪುರ ಮುಟ್ಟುವಾಗ ಬಿಸಿಲು ಏರಿತ್ತು. ಊರಿನ ಹೆಸರೇ ಮಹಮ್ಮದನದು, ಕೆರೆ 1633ರದು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದು ತುಂಬುತ್ತಿದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮ ಉತ್ತರ ಕರ್ನಾಟಕದ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತಿಗಾಗಿ ಕಾದೆವು, ಕಾಣಲಿಲ್ಲ. ಬೆಳ್ಳಕ್ಕಿ, ಮಿಂಚುಳ್ಳಿ ಬೇಕಾದಷ್ಟು. ನೀರು ಬಂದರೆ ಹಕ್ಕಿ ತಾನೇ ಹುಡುಕಿಕೊಂಡು ಬರುತ್ತದೆ. ಕಿತ್ತ ಕೊಳವೆ, ಮನೆ ಪಾಯಕ್ಕೆ ಹೋದ ಗಂಜಿನ ಕಲ್ಲು ತಿರುಗಿ ಬರುವುದಿಲ್ಲ. ನಿಮ್ಮ ಹೊಲದಲ್ಲಿ ನೇಗಿಲಿಗೆ ಅಂಥ ಕೊಳವೆ ತಾಗಿದರೆ ಮುಚ್ಚುವ ಮುಂಚೆ ಒಂದು ಫೋಟೋ ತೆಗೆದಿಡಿ, ಜಾಗ ಬರೆದಿಡಿ.

ಏರಿ ಇಳಿಯುವಾಗ ಕುರಿ ಕಾಯುತ್ತಿದ್ದ ಕಾಕಾ ಒಬ್ಬರು, “ಏನ್ ಹುಡುಕಾಕತ್ತೀರಿ?” ಅಂದರು. ದುರ್ಬೀನು ಅವರ ಕೈಗೆ ಕೊಟ್ಟೆವು. ಅವರು ಹಕ್ಕಿ ಬಿಟ್ಟು ಆಚೆ ದಂಡೆಯ ತಮ್ಮ ಕುರಿ ಎಣಿಸಿದರು.