ಮೋರಿಯ ಮರಳಿಗೂ ಒಂದು ಶಾಸ್ತ್ರವಿದೆ

ಹೋದ ಮುಂಗಾರಿಗೆ ಮುಂಚೆ ನಗರ ಪ್ರವಾಹದ ಮೇಲಿನ ಕಾರ್ಯಾಗಾರವೊಂದಕ್ಕೆ ಕರೆದಿದ್ದರು. ಬೆಳಗಿನಿಂದ ಸಂಜೆಯವರೆಗೆ ಕೂತು ಕೇಳಿದೆ. ಒತ್ತುವರಿ ಬಂತು, ಪ್ಲಾಸ್ಟಿಕ್ ಬಂತು, ಸೆನ್ಸರ್ ಬಂತು, ಕಂಪ್ಯೂಟರ್ ಮಾದರಿಗಳು ಬಂದವು. ಚರಂಡಿಯ ತಳದಲ್ಲಿ ಕೂತ ಹೂಳು ಯಾವ ಗಾತ್ರದ್ದು, ಎಲ್ಲಿಂದ ಬಂತು, ಎಷ್ಟು ನೀರಿಗೆ ಕದಲುತ್ತದೆ ಎಂಬ ಮಾತನ್ನು ಒಬ್ಬರೂ ಎತ್ತಲಿಲ್ಲ. ಪ್ಲಾಸ್ಟಿಕ್ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಬೈಗುಳವೆಲ್ಲ ಅದರ ಪಾಲಿಗೆ. ಬಹಳ ಕಡೆ ಆ ಚೀಲವನ್ನು ಹಿಡಿದು ನಿಲ್ಲಿಸಿರುವುದು ಅದರಡಿ ಕಟ್ಟಿಕೊಂಡ ಮರಳು.

ಮುಂದಿನ ವಾರವೇ ನಮ್ಮೂರು ಆತಗೂರಿಗೆ ಹೋಗಿದ್ದೆ. ರಸ್ತೆ ಪಕ್ಕದ ಮೋರಿಯಿಂದ ಒಂದು ಬಾಂಡ್ಲಿ ಹೂಳು ತೆಗೆಸಿ ತಂದು, ತೊಳೆದು, ಒಣಗಿಸಿ, ಜರಡಿ ಹಿಡಿದೆ. ಕೆಂಪು ಮಣ್ಣಿನ ಜಿಗುಟು ಹೋದ ಮೇಲೆ ಉಳಿದದ್ದರಲ್ಲಿ ಬಹುಪಾಲು ರಾಗಿ ಕಾಳಿನ ಗಾತ್ರದ ಮರಳು. ಅದರಲ್ಲಿ ಅರ್ಧ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಬೆರಳಲ್ಲಿ ಉಜ್ಜಿದರೆ ಚೂಪು ಅಂಚು ಚುಚ್ಚುತ್ತದೆ, ಹೊಳೆ ಮರಳು ಹಾಗೆ ಚುಚ್ಚುವುದಿಲ್ಲ. ಮನೆ ಕಟ್ಟುವವರು ರಸ್ತೆ ಬದಿಗೆ ಸುರಿದ ರಾಶಿಯಿಂದ ಮಳೆ ಕೊಚ್ಚಿ ತಂದದ್ದು. ಜೊತೆಗೆ ಒಂದಿಷ್ಟು ಜಲ್ಲಿ ಚೂರು, ತೆಂಗಿನ ನಾರು.

ಹೂಳಿನ ಚಲನೆಯ ಶಾಸ್ತ್ರ ಹುಟ್ಟಿದ್ದು ಹೊಳೆ ಮತ್ತು ನಾಲೆಗಳಲ್ಲಿ. ಹರಿಯುವ ನೀರು ತಳವನ್ನು ಎಳೆಯುವ ಬಲದ ಲೆಕ್ಕವನ್ನು 1879ರಲ್ಲಿ ಫ್ರಾನ್ಸಿನ ಡುಬಾಯ್ಸ್ ಕೊಟ್ಟ. ಹೂಳು ಕೂರದ, ತಳ ಕೊರೆಯದ ವೇಗ ಎಷ್ಟು ಎಂಬುದನ್ನು 1895ರಲ್ಲಿ ಕೆನಡಿ ಎಂಬ ಎಂಜಿನಿಯರ್ ಪಂಜಾಬಿನ ಬಾರಿ ದೋಆಬ್ ನಾಲೆಗಳಲ್ಲಿ ಅಳೆದು ಹೇಳಿದ. 1930ರಲ್ಲಿ ಲೇಸಿ ಅದನ್ನು ಬೆಳೆಸಿದ. ಮಂಡ್ಯದ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಲ್ಲಿ ಬೆಳೆದು ಎಂಜಿನಿಯರಿಂಗ್ ಓದಿದ ನಮಗೆ ಇವರಿಬ್ಬರ ಸೂತ್ರ ಬಾಯಿಪಾಠವಾಗಿತ್ತು. 1936ರಲ್ಲಿ ಬರ್ಲಿನ್ನಿನಲ್ಲಿ ಶೀಲ್ಡ್ಸ್ ಎಂಬ ಅಮೆರಿಕದ ಯುವಕ, ಮರಳಿನ ಹಾಸಿನಿಂದ ಕಣವೊಂದು ಕದಲಲು ಎಷ್ಟು ಬಲ ಬೇಕು ಎಂದು ತೋರಿಸಿದ ಗೆರೆ ಇವತ್ತಿಗೂ ನಿಂತಿದೆ. ಚರಂಡಿಯ ವಿಷಯಕ್ಕೆ ಬಂದರೆ, ಮಂಡ್ಯದ ಜನ ಫೋಟೊ ಇಟ್ಟು ಪೂಜಿಸುವ ವಿಶ್ವೇಶ್ವರಯ್ಯನವರು 1906ರಲ್ಲಿ ಏಡನ್ನಿಗೆ ಹೋಗಿ ನೀರು, ಒಳಚರಂಡಿಗಳ ಯೋಜನೆ ಕೊಟ್ಟರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ಚರಂಡಿ ವ್ಯವಸ್ಥೆಗೂ ಕೈಹಾಕಿದರು. ಕನ್ನಂಬಾಡಿಯನ್ನು ನೆನೆಯುವಾಗ ಇದನ್ನೂ ನೆನೆಯಬೇಕು. ಅಣೆಕಟ್ಟಿನಷ್ಟೇ ಚರಂಡಿಯೂ ದೊಡ್ಡ ಎಂಜಿನಿಯರಿಗೆ ತಕ್ಕ ಕೆಲಸ ಎಂದು ಅವರು ತಿಳಿದಿದ್ದರು.

ಊರ ಚರಂಡಿಗೆ ಮಾತ್ರ ಬಹುಕಾಲ ಒಂದೇ ಮಂತ್ರ: ಸೆಕೆಂಡಿಗೆ 0.6 ಮೀಟರ್ ವೇಗವಿದ್ದರೆ ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಕೊಳವೆ ಸಣ್ಣದೋ ದೊಡ್ಡದೋ, ಬರುವ ಮರಳು ಎಷ್ಟು, ಯಾವ ಗಾತ್ರದ್ದು, ಯಾವುದನ್ನೂ ಅದು ಕೇಳುವುದಿಲ್ಲ. 1946ರಲ್ಲಿ ಕ್ಯಾಂಪ್ ಎಂಬಾತ ಈ ಲೆಕ್ಕಕ್ಕೆ ಶೀಲ್ಡ್ಸನ ಬಲವನ್ನು ತಂದು ಸೇರಿಸಿದ. ಕೈಪಿಡಿ ಬರೆಯುವವರಿಗೆ ವೇಗದ ಒಂಟಿ ಅಂಕಿಯೇ ಹಿತವಾಗಿತ್ತು, ಅದೇ ಉಳಿಯಿತು.

ಈ ಮಂತ್ರವನ್ನು ಅಲುಗಿಸಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಗುಂಪು. ಜೆಕ್ ಮೂಲದ ಪಾವೆಲ್ ನೊವಾಕ್ ಮತ್ತು ನಲ್ಲೂರಿ 1975ರಲ್ಲಿ ಪ್ರಕಟಿಸಿದ ಲೇಖನದ ಮಾಸಲು ಜೆರಾಕ್ಸ್ ನನ್ನ ಕೈಗೆ ಬಂದಾಗ ನಾನು ಹೊಸದಾಗಿ ಪಾಠ ಹೇಳಲು ಸೇರಿದ್ದೆ. ಅಕ್ಷರ ಕಾಣದ ಕಡೆ ಪೆನ್ನಿನಿಂದ ತಿದ್ದಿಕೊಂಡು ಓದಿದೆವು. ಅವರು ಕೇಳಿದ್ದು ಸರಳ ಪ್ರಶ್ನೆ. ನದಿಯಲ್ಲಿ ಕಣದ ಕೆಳಗೆ ಕಣಗಳದೇ ಹಾಸು ಇರುತ್ತದೆ. ಚರಂಡಿಯ ತಳ ನುಣುಪಾದ ಸಿಮೆಂಟು. ಅದರ ಮೇಲಿನ ಒಂಟಿ ಕಣಕ್ಕೂ ಶೀಲ್ಡ್ಸನ ಗೆರೆ ಸಲ್ಲುತ್ತದೆಯೇ? 1984ರ ಹೊತ್ತಿಗೆ ಅವರು ಉತ್ತರ ಕೊಟ್ಟರು: ಒಂಟಿ ಕಣ ಬಹಳ ಕಡಿಮೆ ಬಲಕ್ಕೇ ಉರುಳುತ್ತದೆ.

ಇದರ ಬೆಲೆ ತಿಳಿಯಲು ನಮ್ಮೂರ ಮೋರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಗಲ 45 ಸೆಂಟಿಮೀಟರ್, ಇಳಿಜಾರು ಐನೂರಕ್ಕೆ ಒಂದು. ಪಾತ್ರೆ ತೊಳೆದ, ಬಟ್ಟೆ ಒಗೆದ ನೀರು ಎರಡು ಸೆಂಟಿಮೀಟರ್ ಆಳ ಹರಿಯುತ್ತಿದೆ. ತಳದ ಮೇಲಿನ ಎಳೆತ ಸುಮಾರು 0.36 ಪ್ಯಾಸ್ಕಲ್. ರಾಗಿಕಾಳಿನಂಥ ಒಂದು ಮಿಲಿಮೀಟರ್ ಮರಳಿನ ಹಾಸು ಕದಲಲು 0.5ಕ್ಕಿಂತ ಹೆಚ್ಚು ಬೇಕು. ಅದೇ ಕಣ ಬರಿಯ ಸಿಮೆಂಟಿನ ಮೇಲೆ ಒಂಟಿಯಾಗಿ ಕೂತಿದ್ದರೆ ಅದರ ಅರ್ಧದ ಆಸುಪಾಸು ಸಾಕು. ಅಂದರೆ ತಳ ಗುಡಿಸಿದಂತಿದ್ದಾಗ ದಿನಬಳಕೆಯ ನೀರೇ ಮರಳನ್ನು ಸಾಗಿಸಬಲ್ಲದು. ಒಂದು ಪದರ ಕಟ್ಟಿತೋ, ಮುಂದಿನ ಜೋರು ಮಳೆಯವರೆಗೆ ಅದು ಅಲುಗುವುದಿಲ್ಲ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಟೆಂಡರ್ ಕರೆದು ಹೂಳೆತ್ತುವ ನಮ್ಮ ಪದ್ಧತಿ ಈ ಲೆಕ್ಕಕ್ಕೆ ಪೂರಾ ವಿರುದ್ಧ. ಬೇಸಿಗೆಯಿಡೀ ಕೊಳಚೆ ಕುಡಿದು, ಬಿಸಿಲಿಗೆ ಬೆಂದು ಗಾರೆಯಂತೆ ಗಟ್ಟಿಯಾದ ಪದರವನ್ನು ಹಾರೆಯಿಂದ ಕಿತ್ತಿದ್ದೇನೆ. ಅದಕ್ಕೆ ಈ ಯಾವ ಸೂತ್ರವೂ ಹೊಂದುವುದಿಲ್ಲ.

ನ್ಯೂಕ್ಯಾಸಲ್ಲಿನ ಕೆಲಸ ಅಲ್ಲಿಗೇ ನಿಲ್ಲಲಿಲ್ಲ, ಬೇರೆಯವರೂ ಅದನ್ನು ಮುಂದುವರಿಸಿದರು. ವಾಲಿಂಗ್‌ಫರ್ಡ್ ಪ್ರಯೋಗಾಲಯದ ಮೇ ಎಂಬವರು ದೊಡ್ಡ ಕೊಳವೆಗಳಲ್ಲಿ ಪ್ರಯೋಗ ನಡೆಸಿದರು. 1996ರಲ್ಲಿ ಅವರು ಆಕರ್ಸ್, ಬಟ್ಲರ್ ಜೊತೆ ಸೇರಿ ಬರೆದ ವರದಿ, ಕೊಳವೆ ದೊಡ್ಡದಾದಷ್ಟೂ 0.6 ಸಾಲದು ಎಂದು ಖಚಿತಪಡಿಸಿತು. ದೊಡ್ಡ ಕೊಳವೆಯ ತಳದಲ್ಲಿ ವ್ಯಾಸದ ನೂರಕ್ಕೆ ಎರಡರಷ್ಟು ಹೂಳು ನಿಲ್ಲಲು ಬಿಟ್ಟರೆ ಇಳಿಜಾರನ್ನು ತಗ್ಗಿಸಬಹುದು ಎಂಬ ಉಪಾಯವೂ ಅದರಲ್ಲಿದೆ. ಹೂಳನ್ನು ಐದು ಬಗೆಯಾಗಿ ವಿಂಗಡಿಸಿದ ಕ್ರಾಬ್‌ಟ್ರೀ, ಅಂಟು ಹೂಳಿನ ಬೆನ್ನು ಬಿದ್ದ ಆಶ್ಲಿ, ಇವರ ಕೆಲಸವೂ ಮುಖ್ಯವೇ. ಆದರೆ ಅವರ ಚರಂಡಿಗಳು ಮುಚ್ಚಿದ ಕೊಳವೆಗಳು, ಅವರ ಮಳೆ ವರ್ಷವಿಡೀ ತುಂತುರು.

ನನಗೆ ಇವರೆಲ್ಲರಿಗಿಂತ ಹತ್ತಿರದವರೆನಿಸುವುದು ಮಲೇಷ್ಯಾದ ಅಮೀನುದ್ದೀನ್ ಅಬ್ ಘನಿ. 1993ರಲ್ಲಿ ನ್ಯೂಕ್ಯಾಸಲ್ಲಿನಲ್ಲೇ ಡಾಕ್ಟರೇಟ್ ಮುಗಿಸಿ ಊರಿಗೆ ಮರಳಿದ ಈ ಮೇಷ್ಟರು ತಮ್ಮ ಪಟ್ಟಣಗಳ ತೆರೆದ ಚರಂಡಿಗೆ ಇಳಿದು ಹೂಳು ಬಾಚಿ, ಜರಡಿ ಹಿಡಿದು, ಗಾತ್ರ ದಾಖಲಿಸಿದರು. ಬಿಸಿಲು ದೇಶ, ಬಿರುಮಳೆ, ತೆರೆದ ಮೋರಿ. ನಮ್ಮದೂ ಅದೇ.

ನಮ್ಮಲ್ಲಿ ವಿದ್ವತ್ತಿಗೆ ಕೊರತೆಯಿಲ್ಲ. ರೂರ್ಕಿಯ ಗರ್ಡೆ ಮತ್ತು ರಂಗರಾಜು 1977ರಲ್ಲಿ ಬರೆದ ಪುಸ್ತಕ ಓದದೆ ಈ ವಿಷಯದಲ್ಲಿ ಯಾರೂ ಮುಂದೆ ಹೋಗಲಾರರು. ಖರಗ್‌ಪುರದಲ್ಲಿ ಬಹುಕಾಲ ದುಡಿದ ಸುಭಾಶಿಸ್ ಡೇ ಅವರದು ಜಗತ್ತೇ ಗೌರವಿಸುವ ಕೆಲಸ. ಆದರೆ ಇವರೆಲ್ಲರ ಕಣ್ಣೂ ನದಿಯ ಮೇಲೆ. ಕನ್ನಂಬಾಡಿ ಪಕ್ಕದ ನಮ್ಮ ಸಂಶೋಧನಾ ಕೇಂದ್ರ ಅಣೆಕಟ್ಟು, ನಾಲೆಗಳ ಮಾದರಿಗಳಿಗೆ ಹೆಸರಾದದ್ದು. ಬೆಂಗಳೂರಿನ ರಾಜಕಾಲುವೆಗಳ ಮೇಲೆ ನಡೆದಿರುವ ಒಳ್ಳೆಯ ಕೆಲಸವೂ ಮಳೆ, ಹರಿವು, ನೀರಿನ ಮಟ್ಟಗಳನ್ನು ಎಣಿಸಿದಷ್ಟು ಹೂಳನ್ನು ಎಣಿಸಿಲ್ಲ. ಮದ್ದೂರು, ಮಳವಳ್ಳಿಯಂಥ ಪಟ್ಟಣಗಳ ಮಾತಂತೂ ಬಿಡಿ.

ಎಣಿಸದ ಹೂಳನ್ನು ಯಾರೋ ಒಬ್ಬರು ಎತ್ತಲೇಬೇಕು. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆಳುಗುಂಡಿಗೆ ಮನುಷ್ಯ ಇಳಿಯುವ ಪ್ರಮೇಯ ಬರುವುದು ಅಲ್ಲಿ ಹೂಳು ಕಟ್ಟಿದ್ದಕ್ಕೆ. ಇಳಿಜಾರನ್ನು ಕಾಗದದ ಮೇಲೆ ಗೀಚುವ ದಿನವೇ ಆ ಹೂಳಿನ ಜಾಗ ನಿಗದಿಯಾಗಿರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಮೊದಲ ಪಾಠದಲ್ಲೇ ಹೇಳುತ್ತಿದ್ದೆ.

ಮೊನ್ನೆ ಮತ್ತೆ ಆತಗೂರಿಗೆ ಹೋದಾಗ ಮೋರಿಯ ಹೂಳು ಎತ್ತಿಸಿದ್ದರು. ಎತ್ತಿದ್ದನ್ನು ಮೋರಿಯ ದಂಡೆಗೇ ಗುಡ್ಡೆ ಹಾಕಿದ್ದರು. ಹಿಂದೆ ಕೆರೆಯ ಗೋಡುಮಣ್ಣನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದ ನಾಡು ಇದು; ಈ ಗುಡ್ಡೆಯನ್ನು ಹೊತ್ತೊಯ್ಯುವವರಿಲ್ಲ. ರಾತ್ರಿ ಒಂದು ಹದ ಮಳೆ ಬಿತ್ತು. ಬೆಳಗ್ಗೆ ನೋಡಿದರೆ ಗುಡ್ಡೆಯ ಒಂದು ಮಗ್ಗುಲು ಕರಗಿ ಮೋರಿಯ ತಳದಲ್ಲಿ ಬೆರಳು ದಪ್ಪ ಹಾಸು ಬಿದ್ದಿತ್ತು. ಒಂದು ಡಬ್ಬಕ್ಕೆ ತುಂಬಿ ತಾರೀಖು ಬರೆದು ತಂದೆ. ಹೀಗೆ ಹನ್ನೊಂದು ಡಬ್ಬ ಅಟ್ಟದ ಮೇಲಿವೆ. ಜರಡಿ ಹಿಡಿಯಲು ತಯಾರಿರುವ ಯಾವ ಹುಡುಗ, ಹುಡುಗಿ ಬಂದರೂ ಎಲ್ಲವನ್ನೂ ಕೊಟ್ಟು ಕಳಿಸುತ್ತೇನೆ.