ಸ್ಪೋರ್ಟ್ಸ್ ಕಾರು: ಬೆಲೆಯಷ್ಟೇ ವಿಮೆಯ ಲೆಕ್ಕವೂ ಮುಖ್ಯ

ಹುಬ್ಬಳ್ಳಿ: ತಾರಿಹಾಳ ಕೈಗಾರಿಕಾ ಪ್ರದೇಶದ ಯುವ ಉದ್ಯಮಿಯೊಬ್ಬರು ಕೋಟಿ ರೂಪಾಯಿಯ ಪೆಟ್ರೋಲ್ ಸ್ಪೋರ್ಟ್ಸ್ ಕಾರು ಕೊಳ್ಳಬಯಸಿದರೆ, ಬೆಲೆ ಮೊದಲ ಹೊರೆ ಮಾತ್ರ. ರಾಜ್ಯದಲ್ಲಿ 20 ಲಕ್ಷ ರೂಪಾಯಿ ಮೀರಿದ ಇಂಥ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 18. ಅಂದರೆ 18 ಲಕ್ಷ ರೂಪಾಯಿ. ಉಪಕರ ಪ್ರತ್ಯೇಕ.

ಥರ್ಡ್ ಪಾರ್ಟಿ ವಿಮೆ ಅಷ್ಟು ಭಾರವಲ್ಲ. 1500 ಸಿಸಿ ಮೀರಿದ ಖಾಸಗಿ ಕಾರಿಗೆ 2022ರಲ್ಲಿ ನಿಗದಿಯಾದ ವಾರ್ಷಿಕ ದರ 7,897 ರೂಪಾಯಿ. ಮಾಲೀಕರ ವಯಸ್ಸು ಇದರಲ್ಲಿ ಗಣನೆಗೆ ಬರುವುದಿಲ್ಲ.

ಹೆಚ್ಚು ವೆಚ್ಚ ತರುವುದು ಕಾರಿನ ಸ್ವಂತ ಹಾನಿಯ ವಿಮೆ. ಇದರ ಕಂತು ಘೋಷಿತ ಮೌಲ್ಯವನ್ನು ಅವಲಂಬಿಸಿದೆ. ಎರಡು ವರ್ಷ ದಾಟಿದ ಕಾರಿನ ಮೌಲ್ಯದಲ್ಲಿ ಶೇ 30 ಸವಕಳಿ ಕಳೆಯಲಾಗುತ್ತದೆ. ಕಾರು ಕಳವಾದರೆ ಆ ಮೌಲ್ಯದ ಮೇಲೆಯೇ ಪರಿಹಾರ; ಬ್ಯಾಂಕ್ ಸಾಲ ಅದಕ್ಕಿಂತ ಹೆಚ್ಚಿದ್ದಲ್ಲಿ ಉಳಿದ ಹಣವನ್ನು ಮಾಲೀಕರೇ ಭರಿಸಬೇಕು. ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ಈ ಅಂತರವನ್ನು ತುಂಬುತ್ತದೆ.